401ಕೆ ಹಣ, ಅದನ್ನು ಕಾಯುವವರ ಹೊಣೆ, ಕೋರ್ಟ್ ಕೇಸುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಹದಿಮೂರು ವರ್ಷ ಕೆಲಸ ಮಾಡಿ ನಾನು ಮೈಸೂರಿಗೆ ವಾಪಸ್ ಬಂದೆ. ಬಂದು ಎರಡು ವರ್ಷವಾದ ಮೇಲೆ, ಅಲ್ಲಿ ನಾನಿದ್ದ ಮನೆಯಲ್ಲೇ ಈಗ ಇರುವ ಗೆಳೆಯ ಒಂದು ಲಕೋಟೆಯ ಫೋಟೊ ಕಳಿಸಿದ. "ನಿನ್ನ ಹೆಸರಿಗೆ ಕೋರ್ಟಿಂದ ಏನೋ ಬಂದಿದೆ ಮಾರಾಯ" ಅಂದ. ಎದೆ ಧಸಕ್ಕೆಂದಿತು. ಒಡೆಸಿ ಓದಿಸಿದರೆ, ಅದು ನನ್ನ ಮೇಲಿನ ಕೇಸಲ್ಲ, ನನ್ನ ಪರವಾಗಿ ನಡೆದ ಕೇಸು. ನಮ್ಮ ಕಂಪನಿಯ 401ಕೆ ಅನ್ನುವ ನಿವೃತ್ತಿ ಉಳಿತಾಯ ಪ್ಲಾನಿನಲ್ಲಿ ಫೀ ಜಾಸ್ತಿ ಹೋಗುತ್ತಿದೆ, ನೋಡಿಕೊಳ್ಳಬೇಕಾದವರು ನೋಡಲಿಲ್ಲ ಅಂತ ನನ್ನ ಜೊತೆ ಕೆಲಸ ಮಾಡಿದ ಕೆಲವರು ಕೋರ್ಟಿಗೆ ಹೋಗಿದ್ದರು. ನನಗೆ ಗೊತ್ತೇ ಇರಲಿಲ್ಲ.

ಅಲ್ಲಿಂದ ಈ ವಿಷಯ ಓದೋಕೆ ಶುರು ಮಾಡಿದೆ. ನಾನು ವಕೀಲನಲ್ಲ. ಆದರೆ ಅಲ್ಲಿರುವ ಮತ್ತು ಅಲ್ಲಿಂದ ಬಂದ ನಮ್ಮವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನು ಇಲ್ಲಿ ಬರೆದಿಟ್ಟಿದ್ದೇನೆ.

401ಕೆ ಅಂದ್ರೆ ನಮ್ಮ ಪಿಎಫ್ ಇದ್ದ ಹಾಗೇ ಅಲ್ವಾ?

ಅರ್ಧ ಹೌದು. ಸಂಬಳದಿಂದ ಹಿಡಿಯುತ್ತಾರೆ, ಹೆಚ್ಚಿನ ಕಡೆ ಕಂಪನಿಯೂ ಸ್ವಲ್ಪ ಸೇರಿಸುತ್ತದೆ, ನಿವೃತ್ತಿಗೆ ಇಡುತ್ತಾರೆ. ಅಲ್ಲಿಗೆ ಹೋಲಿಕೆ ಮುಗಿಯಿತು. ನಮ್ಮ ಪಿಎಫ್‌ಗೆ ವರ್ಷಕ್ಕೆ ಇಷ್ಟು ಬಡ್ಡಿ ಅಂತ ಘೋಷಣೆಯಾಗುತ್ತದೆ. ಮಾರುಕಟ್ಟೆ ಬಿದ್ದರೂ ನಿಮ್ಮ ಪಾಸ್‌ಬುಕ್ಕಿನ ಅಸಲು ಕರಗುವುದಿಲ್ಲ. 401ಕೆಯಲ್ಲಿ ಹಾಗಲ್ಲ. ನಿಮ್ಮ ದುಡ್ಡು ಮ್ಯೂಚುವಲ್ ಫಂಡಿನಂಥ ಕಡೆ ಹೋಗುತ್ತದೆ. ಏರಿದರೆ ನಿಮ್ಮದು, ಇಳಿದರೂ ನಿಮ್ಮದೇ.

ಹೆಸರು ಬಂದಿದ್ದು ಅಮೆರಿಕದ ತೆರಿಗೆ ಕಾನೂನಿಗೆ 1978ರಲ್ಲಿ ಸೇರಿದ ಒಂದು ಉಪವಿಧಿಯ ನಂಬರಿನಿಂದ. ಇಲ್ಲಿ ಗಮನಿಸಬೇಕಾದ ಮಾತು ಒಂದೇ: ಯಾವ ಫಂಡಿಗೆ ಹಾಕಬೇಕು ಅಂತ ನೀವು ಆರಿಸುತ್ತೀರಿ, ಆದರೆ ಯಾವ ಯಾವ ಫಂಡು ಪಟ್ಟಿಯಲ್ಲಿರಬೇಕು ಅಂತ ಬೇರೆಯವರು ಆರಿಸುತ್ತಾರೆ. ಕೇಸುಗಳು ಬಹುಪಾಲು ಆ ಬೇರೆಯವರ ಮೇಲೆ.

ಆ ಬೇರೆಯವರು ಯಾರು? ಫಿಡ್ಯೂಷಿಯರಿ ಅಂತಾರಲ್ಲ, ಅವರೇನಾ?

ಅವರೇ. ಊರಿನ ದೇವಸ್ಥಾನದ ಹುಂಡಿ ಬೀಗದ ಕೈ ಯಾರ ಕೈಯಲ್ಲಿರುತ್ತದೆ ಯೋಚಿಸಿ. ದುಡ್ಡು ಅವರದಲ್ಲ. ಆದರೆ ಅದರ ಮೇಲಿನ ಅಧಿಕಾರ ಅವರದು. ಹಾಗಾಗಿ ಸ್ವಂತದ್ದಕ್ಕಿಂತ ಜಾಸ್ತಿ ಎಚ್ಚರದಿಂದ ಇರಬೇಕು ಅಂತ ಊರು ಬಯಸುತ್ತದೆ. ಕಾನೂನು ಕೂಡ ಅದನ್ನೇ ಬಯಸುತ್ತದೆ.

ದೊಡ್ಡ ಕಂಪನಿಯಲ್ಲಿ ಇದಕ್ಕೊಂದು ಕಮಿಟಿ ಇರುತ್ತದೆ. ಎಚ್‌ಆರ್‌ನವರು, ಫೈನಾನ್ಸ್‌ನವರು, ಒಬ್ಬಿಬ್ಬರು ಮೇಲಧಿಕಾರಿಗಳು. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕೂತು ಫಂಡುಗಳನ್ನು ನೋಡುತ್ತಾರೆ. ಕೈಯಲ್ಲಿ ಯಾವ ಹುದ್ದೆ ಇದೆ ಅನ್ನುವುದು ಮುಖ್ಯವಲ್ಲ, ಮಾಡುವ ಕೆಲಸ ಮುಖ್ಯ. ಪ್ಲಾನಿನ ಹಣದ ಮೇಲೆ ಯಾರು ತೀರ್ಮಾನ ತೆಗೆದುಕೊಳ್ಳುತ್ತಾರೋ, ಯಾರು ದುಡ್ಡು ಪಡೆದು ಹೂಡಿಕೆ ಸಲಹೆ ಕೊಡುತ್ತಾರೋ ಅವರು ಫಿಡ್ಯೂಷಿಯರಿ. ತಪ್ಪಾದರೆ ನಷ್ಟವನ್ನು ಸ್ವಂತ ಜೇಬಿನಿಂದ ತುಂಬಿಕೊಡುವ ಹೊಣೆಯೂ ಅವರ ಮೇಲಿದೆ. ಅದಕ್ಕೇ ಕಂಪನಿಗಳು ಅವರಿಗಾಗಿ ಬೇರೆ ವಿಮೆ ಮಾಡಿಸುತ್ತವೆ.

ಬರೀ ಲೆಕ್ಕ ಇಡುವವರು, ಫಾರ್ಮ್ ತುಂಬುವವರು ಸಾಮಾನ್ಯವಾಗಿ ಈ ಸಾಲಿಗೆ ಬರುವುದಿಲ್ಲ. ಹಾಗೇ ಕಂಪನಿ "ಇನ್ನು ಮೇಲೆ ನಮ್ಮ ಪಾಲು ಕಡಿಮೆ ಮಾಡುತ್ತೇವೆ" ಅಂದರೆ ಅದು ವ್ಯಾಪಾರದ ತೀರ್ಮಾನ. ಬೇಸರವಾಗುತ್ತದೆ, ಆದರೆ ಈ ಕಾನೂನಿನಡಿ ಕೇಸಾಗುವುದಿಲ್ಲ.

ಇಂಥ ಕಾನೂನು ಯಾಕೆ ಬಂತು?

ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಸ್ಟುಡಿಬೇಕರ್ ಅಂತ ಕಾರು ಕಂಪನಿ ಇತ್ತು. 1963ರ ಡಿಸೆಂಬರ್‌ನಲ್ಲಿ ಅಲ್ಲಿನ ಕಾರ್ಖಾನೆ ಮುಚ್ಚುವುದಾಗಿ ಹೇಳಿದರು. ಪಿಂಚಣಿ ನಿಧಿಯಲ್ಲಿ ಕೊಟ್ಟ ಮಾತಿಗೆ ತಕ್ಕಷ್ಟು ಹಣ ಇರಲಿಲ್ಲ. 60 ದಾಟಿದವರಿಗೆ ಪೂರ್ತಿ ಸಿಕ್ಕಿತು. 40ರಿಂದ 59 ವಯಸ್ಸಿನ 4,000ಕ್ಕೂ ಹೆಚ್ಚು ಕೆಲಸಗಾರರಿಗೆ ಬರಬೇಕಾದ್ದರಲ್ಲಿ ಸುಮಾರು 15 ಪರ್ಸೆಂಟ್ ಸಿಕ್ಕಿತು. ಅವರಿಗಿಂತ ಚಿಕ್ಕವರಿಗೆ ಏನೂ ಇಲ್ಲ. ಇಪ್ಪತ್ತು ವರ್ಷ ದುಡಿದವನ ಸ್ಥಿತಿ ಯೋಚಿಸಿ.

ಆ ಸಂಕಟದ ಮಾತು ಹತ್ತು ವರ್ಷ ಅಮೆರಿಕದ ಸಂಸತ್ತಿನಲ್ಲಿ ಓಡಾಡಿತು. ಕೊನೆಗೆ 1974ರ ಸೆಪ್ಟೆಂಬರ್ 2ರಂದು, ಅಲ್ಲಿನ ಕಾರ್ಮಿಕ ದಿನದಂದೇ, ನೌಕರರ ನಿವೃತ್ತಿ ಹಣ ಕಾಯುವ ಕಾನೂನಿಗೆ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದರು. ಎರಿಸಾ ಕಾಯ್ದೆ ಅಂತ ಕರೆಯುವುದು ಅದನ್ನೇ.

ಇದರಲ್ಲಿ ಫಿಡ್ಯೂಷಿಯರಿಗೆ ಹೇಳಿರುವುದು ನಾಲ್ಕು ಮಾತು. ನೌಕರರ ಹಿತಕ್ಕಾಗಿ ಮಾತ್ರ ಕೆಲಸ ಮಾಡು. ಆ ಕೆಲಸ ಬಲ್ಲ ಜವಾಬ್ದಾರಿಯ ಮನುಷ್ಯ ಹೇಗೆ ಮಾಡುತ್ತಿದ್ದನೋ ಹಾಗೆ ಮಾಡು. ಎಲ್ಲ ಹಣ ಒಂದೇ ಕಡೆ ಸುರಿಯಬೇಡ. ಪ್ಲಾನಿನ ದಾಖಲೆಯಲ್ಲಿ ಬರೆದಂತೆ ನಡೆ. ಇದರ ಜೊತೆಗೆ, ಪ್ಲಾನಿನ ಹಣದಲ್ಲಿ ತನಗೋ ತನ್ನವರಿಗೋ ಲಾಭ ಮಾಡಿಕೊಳ್ಳುವ ವ್ಯವಹಾರಗಳಿಗೆ ನೇರ ನಿಷೇಧ. ಬೇಲಿಯೇ ಎದ್ದು ಹೊಲ ಮೇಯಬಾರದು, ಅಷ್ಟೆ.

ನನ್ನ ಫಂಡ್ ಬಿದ್ದು ದುಡ್ಡು ಹೋಯ್ತು. ಕೇಸು ಹಾಕಬಹುದಾ?

ಬರೀ ಅದಕ್ಕೇ ಆಗುವುದಿಲ್ಲ. 2008ರಲ್ಲಿ ಎಲ್ಲರ ಅಕೌಂಟೂ ಕುಸಿಯಿತು, ಅದಕ್ಕೆಲ್ಲ ಕಮಿಟಿ ಹೊಣೆಯಲ್ಲ. ಕೋರ್ಟ್ ನೋಡುವುದು ಫಲವನ್ನಲ್ಲ, ತೀರ್ಮಾನ ತೆಗೆದುಕೊಂಡ ರೀತಿಯನ್ನು. ಸಭೆ ನಡೆಸಿದಿರಾ? ಬೇರೆ ಫಂಡಿನ ಜೊತೆ ಹೋಲಿಸಿದಿರಾ? ಬೆಲೆ ಕೇಳಿದಿರಾ? ಸಲಹೆಗಾರರು ಎಚ್ಚರಿಸಿದಾಗ ಏನು ಮಾಡಿದಿರಿ? ಇದಕ್ಕೆಲ್ಲ ಸಭೆಯ ನಡಾವಳಿಯಲ್ಲಿ ಉತ್ತರ ಇರಬೇಕು.

ಒಳ್ಳೆಯ ಮನಸ್ಸಿತ್ತು ಅನ್ನುವುದೂ ಸಾಲದು. 1983ರಲ್ಲಿ ಒಂದು ಮೇಲ್ಮನವಿ ಕೋರ್ಟ್, ಮನಸ್ಸು ಶುದ್ಧವಾಗಿದ್ದು ತಲೆ ಖಾಲಿಯಿದ್ದರೆ ಆಗದು ಅನ್ನುವ ಅರ್ಥದ ಮಾತು ಬರೆಯಿತು. ಇವತ್ತಿಗೂ ಈ ಕೇಸುಗಳಲ್ಲಿ ಆ ಮಾತು ಬರುತ್ತಲೇ ಇರುತ್ತದೆ.

ಅರ್ಧ, ಒಂದು ಪರ್ಸೆಂಟ್ ಫೀಗೆ ಇಷ್ಟೊಂದು ಗಲಾಟೆ ಯಾಕೆ?

ಈ ಪ್ರಶ್ನೆಗೆ ಉತ್ತರ ತಿಳಿದರೆ ಇಡೀ ವಿಷಯ ತಿಳಿದ ಹಾಗೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಮೆರಿಕದ ಕಾರ್ಮಿಕ ಇಲಾಖೆಯೇ ಒಂದು ಲೆಕ್ಕ ಕೊಡುತ್ತದೆ. ನಿಮ್ಮ ಅಕೌಂಟಿನಲ್ಲಿ 25,000 ಡಾಲರ್ ಇದೆ. ನಿವೃತ್ತಿಗೆ 35 ವರ್ಷ ಇದೆ. ಇನ್ನೊಂದು ಪೈಸೆ ಹಾಕುವುದಿಲ್ಲ. ವರ್ಷಕ್ಕೆ 7 ಪರ್ಸೆಂಟ್ ಬೆಳೆಯುತ್ತದೆ. ಫೀ ಮತ್ತು ಖರ್ಚು 0.5 ಪರ್ಸೆಂಟ್ ಇದ್ದರೆ ಕೊನೆಗೆ ಸುಮಾರು 2,27,000 ಡಾಲರ್ ಆಗುತ್ತದೆ. ಅದೇ ಫೀ 1.5 ಪರ್ಸೆಂಟ್ ಇದ್ದರೆ ಸುಮಾರು 1,63,000. ಒಂದೇ ಒಂದು ಪರ್ಸೆಂಟಿನ ವ್ಯತ್ಯಾಸಕ್ಕೆ 28 ಪರ್ಸೆಂಟ್ ಹಣ ಹೋಯಿತು. ಹನಿ ಹನಿ ಕೂಡಿದರೆ ಹಳ್ಳ ಅಂತ ನಾವು ಹೇಳುತ್ತೇವಲ್ಲ, ಹನಿ ಹನಿ ಸೋರಿದರೂ ಹಳ್ಳವೇ.

ನನ್ನ ಹಳೇ ಸ್ಟೇಟ್‌ಮೆಂಟ್ ಈಗಲೂ ಫೈಲಿನಲ್ಲಿದೆ. ಮೊದಲ ಪುಟದಲ್ಲಿ ಬಣ್ಣ ಬಣ್ಣದ ಚಕ್ರ, ಯಾವ ಫಂಡಿನಲ್ಲಿ ಎಷ್ಟಿದೆ ಅಂತ. ಹತ್ತು ವರ್ಷ ನಾನು ನೋಡಿದ್ದು ಆ ಚಕ್ರ ಮಾತ್ರ. ನೋಟಿಸ್ ಬಂದ ಮೇಲೆ ಹಾಳೆ ತಿರುಗಿಸಿದೆ. ಹಿಂದೆ ಕೆಳಗಡೆ ಇರುವೆ ಸಾಲಿನಂಥ ಅಕ್ಷರ. ಅದರಲ್ಲಿ ನನ್ನ ದೊಡ್ಡ ಫಂಡಿನ ಎದುರು ಫೀ 1.08 ಪರ್ಸೆಂಟ್ ಅಂತ ಇತ್ತು. ಅದೇ ಫಂಡ್, ಅದೇ ಮ್ಯಾನೇಜರ್, ಅವೇ ಷೇರುಗಳು, ದೊಡ್ಡ ಗಿರಾಕಿಗಳಿಗೆ ಕೊಡುವ ಇನ್ನೊಂದು ವರ್ಗದಲ್ಲಿ 0.62ಕ್ಕೆ ಸಿಗುತ್ತಿತ್ತು. ನಮ್ಮ ಪ್ಲಾನು ಅದಕ್ಕೆ ಅರ್ಹವಾಗುವಷ್ಟು ದೊಡ್ಡದೇ ಇತ್ತು. ನನ್ನ 60,000 ಡಾಲರ್‌ಗೆ ವರ್ಷಕ್ಕೆ 276 ಡಾಲರ್ ಸುಮ್ನೆ ಹೋಗುತ್ತಿತ್ತು. ಮಂಡಿಯಲ್ಲಿ ಮೂಟೆಗಟ್ಟಲೆ ಕೊಂಡು ಚಿಲ್ಲರೆ ಅಂಗಡಿ ರೇಟು ಕೊಟ್ಟ ಹಾಗೆ. ಅದನ್ನು ನೋಡಿ ಎಷ್ಟೋ ಹೊತ್ತು ಹಾಳೆ ಕೈಯಲ್ಲೇ ಹಿಡಿದು ಕೂತಿದ್ದೆ.

ಫಂಡಿನ ಫೀ ಒಂದು ಕಡೆ. ಲೆಕ್ಕ ಇಡುವವರಿಗೆ ಕೊಡುವುದು ಇನ್ನೊಂದು. ಒಬ್ಬ ನೌಕರನ ಅಕೌಂಟಿನಲ್ಲಿ 5,000 ಇದ್ದರೂ 5,00,000 ಇದ್ದರೂ ಲೆಕ್ಕ ಇಡುವ ಕೆಲಸ ಹೆಚ್ಚು ಕಡಿಮೆ ಒಂದೇ. ಆದರೆ ಎಷ್ಟೋ ಪ್ಲಾನುಗಳಲ್ಲಿ ಆ ಹಣವನ್ನು ತಲೆಗಿಷ್ಟು ಅಂತ ಕೊಡದೆ, ಫಂಡಿನ ಫೀಯಲ್ಲೇ ಒಂದು ಪಾಲಾಗಿ ಹಿಂಬಾಗಿಲಿನಿಂದ ಕೊಡುತ್ತಿದ್ದರು. ಪ್ಲಾನು ಬೆಳೆದಂತೆ ಅವರ ಆದಾಯವೂ ಬೆಳೆಯಿತು, ಕೆಲಸ ಮಾತ್ರ ಅಷ್ಟೇ ಇತ್ತು. ಬಹಳಷ್ಟು ಕೇಸುಗಳ ಬೇರು ಇಲ್ಲಿದೆ.

ಹೆಸರು ಮಾಡಿದ ಕೇಸುಗಳು ಯಾವುವು?

2006ರಲ್ಲಿ ಸೇಂಟ್ ಲೂಯಿಸ್‌ನ ವಕೀಲ ಜೆರೋಮ್ ಶ್ಲಿಕ್ಟರ್ ಅವರ ಕಚೇರಿ ದೊಡ್ಡ ಕಂಪನಿಗಳ ಮೇಲೆ ಸಾಲಾಗಿ ಫೀ ಕೇಸು ಹಾಕಿತು. ಅದಕ್ಕೂ ಮೊದಲು 401ಕೆ ಫೀ ಬಗ್ಗೆ ಕೋರ್ಟಿಗೆ ಹೋಗಬಹುದು ಅಂತ ಬಹಳ ಜನಕ್ಕೆ ಹೊಳೆದಿರಲಿಲ್ಲ. ಅದರಲ್ಲಿ ಎಬಿಬಿ ಕಂಪನಿಯ ಕೇಸು ನನಗೆ ಮುಖ್ಯ ಅನಿಸುತ್ತದೆ. ಲೆಕ್ಕ ಇಡಲು ಜಾಸ್ತಿ ಕೊಡುತ್ತಿದ್ದೀರಿ, ಪ್ಲಾನಿನ ಹಣ ಕಂಪನಿಯ ಬೇರೆ ಸೇವೆಗಳ ಖರ್ಚಿಗೆ ಆಸರೆಯಾಗುತ್ತಿರುವಂತಿದೆ ಅಂತ ಹೊರಗಿನ ಸಲಹೆಗಾರರೇ ಎಚ್ಚರಿಸಿದ್ದರು. ಕಂಪನಿ ಕೇಳಲಿಲ್ಲ. 2012ರಲ್ಲಿ ಕೋರ್ಟ್ 3.69 ಕೋಟಿ ಡಾಲರ್ ಕೊಡಲು ಹೇಳಿತು. ಮೇಲ್ಮನವಿ, ವಾಪಸ್, ಮತ್ತೆ ಮೇಲ್ಮನವಿ. 2019ರಲ್ಲಿ 5.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಹದಿಮೂರು ವರ್ಷ! 2015ರಲ್ಲಿ ಲಾಕ್‌ಹೀಡ್ ಮಾರ್ಟಿನ್ 6.2 ಕೋಟಿ ಡಾಲರ್‌ಗೂ ಬೋಯಿಂಗ್ 5.7 ಕೋಟಿ ಡಾಲರ್‌ಗೂ ರಾಜಿ ಮಾಡಿಕೊಂಡವು.

ಸುಪ್ರೀಂ ಕೋರ್ಟಿನಲ್ಲಿ ದಾರಿ ತೆರೆದ ತೀರ್ಪುಗಳು ಬೇರೆ. 2015ರ ಟಿಬಲ್ ಕೇಸು ವಿದ್ಯುತ್ ಕಂಪನಿ ಎಡಿಸನ್ ಇಂಟರ್‌ನ್ಯಾಷನಲ್ ನೌಕರರದು. ನನ್ನ ಸ್ಟೇಟ್‌ಮೆಂಟಿನಲ್ಲಿದ್ದಂಥದ್ದೇ ದೂರು: ಅಗ್ಗದ ವರ್ಗ ಇದ್ದಾಗ ದುಬಾರಿ ವರ್ಗ ಯಾಕೆ ಇಟ್ಟಿರಿ? ಕಂಪನಿ ಹೇಳಿದ್ದು, ಕೆಲವು ಫಂಡುಗಳನ್ನು ಸೇರಿಸಿದ್ದು 1999ರಲ್ಲಿ, ಕೇಸು ಹಾಕಿದ್ದು 2007ರಲ್ಲಿ, ಆರು ವರ್ಷದ ಗಡುವು ಮುಗಿದಿದೆ. ನ್ಯಾಯಮೂರ್ತಿಗಳು ಒಮ್ಮತದಿಂದ ಒಪ್ಪಲಿಲ್ಲ. ಫಂಡನ್ನು ಒಮ್ಮೆ ಆರಿಸಿದರೆ ಕೆಲಸ ಮುಗಿಯಲಿಲ್ಲ, ಅದನ್ನು ನೋಡುತ್ತಲೇ ಇರಬೇಕು, ಕೆಟ್ಟಿದ್ದನ್ನು ತೆಗೆಯಬೇಕು ಅಂದರು. ಗಿಡ ನೆಟ್ಟವನು ಕಳೆಯನ್ನೂ ಕೀಳಬೇಕು ಅಲ್ವಾ.

2022ರ ಜನವರಿಯಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕೇಸು ಬಂತು. ಅಲ್ಲಿ ಹೂಡಿಕೆಗೆ 400ಕ್ಕೂ ಹೆಚ್ಚು ಆಯ್ಕೆಗಳಿದ್ದವು. ಪಟ್ಟಿಯಲ್ಲಿ ಅಗ್ಗದ ಫಂಡುಗಳೂ ಇದ್ದವಲ್ಲ, ನೌಕರರು ಅದನ್ನೇ ಆರಿಸಬಹುದಿತ್ತು ಅಂತ ಕೆಳಗಿನ ಕೋರ್ಟ್ ಕೇಸನ್ನು ವಜಾ ಮಾಡಿತ್ತು. ಸುಪ್ರೀಂ ಕೋರ್ಟ್ 8–0ರಿಂದ ಆ ವಾದ ತಳ್ಳಿಹಾಕಿತು. ಹೋಟೆಲಿನಲ್ಲಿ ಬಿಸಿ ಇಡ್ಲಿ ಇದೆ ಅಂತ ಪಕ್ಕದಲ್ಲಿ ಹಳಸಿದ ಸಾಂಬಾರ್ ಇಡುವ ಹಾಗಿಲ್ಲ. ಗಿರಾಕಿ ನೋಡಿಕೊಂಡು ತಿನ್ನಲಿ ಅನ್ನುವುದು ಉತ್ತರವಲ್ಲ.

ಆಮೇಲೆ ಬಂದದ್ದು 2025ರ ಏಪ್ರಿಲ್ 17ರ ಕಾರ್ನೆಲ್ ವಿಶ್ವವಿದ್ಯಾಲಯದ ತೀರ್ಪು. ಇದು ಸ್ವಲ್ಪ ತಾಂತ್ರಿಕ. ಪ್ಲಾನಿಗೆ ಸೇವೆ ಕೊಡುವವರ ಜೊತೆಗಿನ ವ್ಯವಹಾರ ಕಾಯ್ದೆಯಲ್ಲಿ ನಿಷಿದ್ಧ, ಆದರೆ ನ್ಯಾಯವಾದ ಬೆಲೆ ಕೊಟ್ಟರೆ ವಿನಾಯಿತಿ ಇದೆ. ವಿನಾಯಿತಿ ಸಿಗುವುದಿಲ್ಲ ಅಂತ ನೌಕರರೇ ಮೊದಲು ತೋರಿಸಬೇಕಾ? ಬೇಡ, ವಿನಾಯಿತಿ ಇದೆ ಅಂತ ತೋರಿಸುವ ಹೊಣೆ ಎದುರಿನವರದು ಅಂತ ಕೋರ್ಟ್ ಒಮ್ಮತದಿಂದ ಹೇಳಿತು. ಒಳಗಿನ ಕಾಗದ ಪತ್ರ ಕಂಪನಿಯ ಬೀರುವಿನಲ್ಲೇ ಇರುತ್ತದೆ. ಹಾಗಿರುವಾಗ ಇದು ಸರಿ ಅಂತಲೇ ನನ್ನ ಅನಿಸಿಕೆ.

ನನ್ನ 401ಕೆ ಪೂರ್ತಿ ನಮ್ಮ ಕಂಪನಿ ಷೇರಿನಲ್ಲೇ ಇದೆ. ಪರವಾಗಿಲ್ವಾ?

ದಯವಿಟ್ಟು ಈ ವಾರವೇ ನೋಡಿ. ಅಮೆರಿಕದ ಇಂಧನ ಕಂಪನಿ ಎನ್ರಾನ್‌ನಲ್ಲಿ ನೌಕರರ 401ಕೆ ಹಣದ 60 ಪರ್ಸೆಂಟಿಗೂ ಹೆಚ್ಚು ಆ ಕಂಪನಿಯ ಷೇರಿನಲ್ಲೇ ಇತ್ತು. 2000ದ ಆಗಸ್ಟ್‌ನಲ್ಲಿ ಷೇರಿನ ಬೆಲೆ ಸುಮಾರು 90 ಡಾಲರ್. 2001ರ ಡಿಸೆಂಬರ್ 2ಕ್ಕೆ ಕಂಪನಿ ದಿವಾಳಿ. ಕಂಪನಿ ಕೊಟ್ಟ ಷೇರನ್ನು 50 ವಯಸ್ಸಾಗುವ ತನಕ ಮಾರುವ ಹಾಗೂ ಇರಲಿಲ್ಲ. ಅದರ ಮೇಲೆ, ಲೆಕ್ಕ ಇಡುವವರನ್ನು ಬದಲಿಸುವುದಕ್ಕಾಗಿ ಬೆಲೆ ಬೀಳುತ್ತಿದ್ದ ವಾರಗಳಲ್ಲೇ ಅಕೌಂಟುಗಳನ್ನು ಸ್ತಂಭಿಸಿದ್ದರು. ಕೆಲಸವೂ ಹೋಯಿತು, ಉಳಿತಾಯವೂ ಹೋಯಿತು, ಎರಡೂ ಒಟ್ಟಿಗೆ.

ಆಮೇಲೆ 2006ರ ಕಾಯ್ದೆ ಬಂತು. ಷೇರುಪೇಟೆಯಲ್ಲಿ ವಹಿವಾಟಾಗುವ ಕಂಪನಿಯ ಪ್ಲಾನಾದರೆ, ನಿಮ್ಮ ಹಣದಿಂದ ಕೊಂಡ ಕಂಪನಿ ಷೇರನ್ನು ಬೇರೆ ಫಂಡಿಗೆ ಬದಲಿಸಬಹುದು. ಕಂಪನಿ ಕೊಟ್ಟಿದ್ದನ್ನು ಮೂರು ವರ್ಷದ ಸೇವೆಯ ನಂತರ ಬದಲಿಸಬಹುದು. ಕೋರ್ಟಿನಲ್ಲಿ ಮಾತ್ರ ಇಂಥ ಕೇಸು ಗೆಲ್ಲುವುದು ಕಷ್ಟ. 2014ರಲ್ಲಿ ಸುಪ್ರೀಂ ಕೋರ್ಟ್ ಕಂಪನಿ ಷೇರಿಗೆ ವಿಶೇಷ ರಕ್ಷಣೆಯಿಲ್ಲ ಅಂತ ಹೇಳಿತು. ಆದರೆ ನೌಕರರು ದಾಟಬೇಕಾದ ಹೊಸಿಲನ್ನು ಎತ್ತರವಾಗಿಯೇ ಇಟ್ಟಿತು. ಆದ್ದರಿಂದ ಕೋರ್ಟನ್ನು ನಂಬಿಕೊಂಡು ಕೂರಬೇಡಿ, ನೀವೇ ಬದಲಿಸಿ.

ಕಂಪನಿಗಳು ಗೆದ್ದಿದ್ದೂ ಇದೆಯಾ?

ಬೇಕಾದಷ್ಟು. ನ್ಯೂಯಾರ್ಕ್ ವಿಶ್ವವಿದ್ಯಾಲಯ 2018ರಲ್ಲಿ ಪೂರ್ತಿ ವಿಚಾರಣೆ ನಡೆಸಿ ಗೆದ್ದಿತು. 2022ರಲ್ಲಿ ಒಂದೇ ಬಗೆಯ ಬ್ಲ್ಯಾಕ್‌ರಾಕ್ ಫಂಡುಗಳನ್ನು ಇಟ್ಟಿದ್ದಕ್ಕೆ ಹಲವು ಕಂಪನಿಗಳ ಮೇಲೆ ಸಾಲು ಕೇಸು ಬಿತ್ತು, ಬಹುಪಾಲು ನಿಲ್ಲಲಿಲ್ಲ. ಹಳೇ ಮಾದರಿಯ ನಿಶ್ಚಿತ ಪಿಂಚಣಿ ಇರುವವರಿಗೆ 2020ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಬಾಗಿಲು ಮುಚ್ಚಿತು: ತಿಂಗಳ ಪಿಂಚಣಿ ತಪ್ಪದೆ ಬರುತ್ತಿದೆಯಲ್ಲ, ನಿಮಗೇನು ನಷ್ಟ ಅಂತ.

ಒಂದರ ಪ್ರತಿಯಂತೆ ಇನ್ನೊಂದನ್ನು ಬರೆದು ಹಾಕಿದ ಕೇಸುಗಳೂ ಇವೆ, ಅದು ನಿಜ. ಅಂಥವುಗಳಿಂದ ಸಣ್ಣ ಕಂಪನಿಗಳು ಪ್ಲಾನ್ ಇಡುವುದಕ್ಕೇ ಹೆದರುತ್ತವೆ ಅನ್ನುವ ದೂರಿನಲ್ಲಿ ಹುರುಳಿದೆ. ಆದರೂ ಈ ಇಪ್ಪತ್ತು ವರ್ಷದಲ್ಲಿ 401ಕೆ ಫೀಗಳು ಇಳಿದಿವೆ. ಕಡಿಮೆ ಖರ್ಚಿನ ಇಂಡೆಕ್ಸ್ ಫಂಡುಗಳು ಹೆಚ್ಚಿದ್ದು ಒಂದು ಕಾರಣ. ಕೋರ್ಟಿನ ಭಯ ಇನ್ನೊಂದು ಕಾರಣ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ನಾನಿರೋದು ಚಿಕ್ಕ ಕನ್ಸಲ್ಟಿಂಗ್ ಕಂಪನಿ. ಸಂಬಳದಲ್ಲಿ ಹಿಡಿದಿದ್ದಾರೆ, ಅಕೌಂಟಿಗೆ ಬಂದಿಲ್ಲ.

ಇದು ಫೀ ಕೇಸಿಗಿಂತ ಗಂಭೀರ. ಹಿಡಿದ ಹಣವನ್ನು ಬೇರೆ ಮಾಡಲು ಸಾಧ್ಯವಾದ ತಕ್ಷಣ ಪ್ಲಾನಿಗೆ ಕಟ್ಟಬೇಕು. ಎಷ್ಟೇ ತಡವಾದರೂ ಮುಂದಿನ ತಿಂಗಳ 15ನೇ ಕೆಲಸದ ದಿನವನ್ನು ಮೀರುವ ಹಾಗಿಲ್ಲ. ಆ 15 ದಿನ ಸಲಿಗೆಯಲ್ಲ, ಕೊನೆಯ ಗಡಿ. 100ಕ್ಕಿಂತ ಕಡಿಮೆ ಜನ ಇರುವ ಪ್ಲಾನು ಏಳು ಕೆಲಸದ ದಿನದೊಳಗೆ ಕಟ್ಟಿದರೆ ಸಮಯಕ್ಕೆ ಕಟ್ಟಿದಂತೆ ಲೆಕ್ಕ. ಅದನ್ನು ಬಾಡಿಗೆಗೋ ಬೇರೆಯವರ ಸಂಬಳಕ್ಕೋ ಬಳಸಿದರೆ ನೌಕರರ ಹಣ ಬಳಸಿದ ಹಾಗೆ.

ಸಂಬಳದ ಚೀಟಿ ಒಂದು ಕಡೆ, ಅಕೌಂಟಿನ ಸ್ಟೇಟ್‌ಮೆಂಟ್ ಒಂದು ಕಡೆ ಇಟ್ಟುಕೊಂಡು ತಾರೀಖು ಹೋಲಿಸಿ. ಹೊಂದದಿದ್ದರೆ ಕಾರ್ಮಿಕ ಇಲಾಖೆಯ ಇಬಿಎಸ್‌ಎ ವಿಭಾಗಕ್ಕೆ ಫೋನ್ ಮಾಡಿ: 1-866-444-3272. ದುಡ್ಡು ಕೇಳುವುದಿಲ್ಲ.

ಎಚ್‌1ಬಿ ವೀಸಾದಲ್ಲಿದ್ದೇನೆ. ದೂರು ಕೊಟ್ಟರೆ ತೊಂದರೆ ಆಗಲ್ವಾ?

ಕಾಯ್ದೆಯ ಹಕ್ಕು ಪ್ಲಾನಿನ ಸದಸ್ಯರಿಗೆ. ಅವರು ಯಾವ ದೇಶದ ಪ್ರಜೆ ಅಂತ ಕೇಳುವುದಿಲ್ಲ. ಹಕ್ಕು ಬಳಸಿದ್ದಕ್ಕೆ ಕೆಲಸದಿಂದ ತೆಗೆಯುವುದು, ಕಿರುಕುಳ ಕೊಡುವುದು ಎರಿಸಾದ 510ನೇ ಸೆಕ್ಷನ್ ಪ್ರಕಾರ ತಪ್ಪು.

ಆದರೆ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಕೆಲಸ ಹೋದರೆ ವೀಸಾವೂ ಅಲುಗಾಡುತ್ತದೆ, ಮಕ್ಕಳ ಶಾಲೆ, ಮನೆ ಬಾಡಿಗೆ ಎಲ್ಲ ಕಣ್ಣ ಮುಂದೆ ಬರುತ್ತದೆ. ಕಾನೂನು ಕಾಪಾಡುವುದು ನಿಜ, ಅದು ಕಾಪಾಡುವ ಹೊತ್ತಿಗೆ ತಿಂಗಳುಗಳಾಗುವುದೂ ನಿಜ. ಅದಕ್ಕೆ ಮೊದಲು ವಕೀಲರ ಹತ್ತಿರ ಮಾತಾಡಿ. ಈ ಬಗೆಯ ಕೇಸು ನಡೆಸುವವರು ಸಾಮಾನ್ಯವಾಗಿ ಮುಂಗಡ ಕೇಳುವುದಿಲ್ಲ, ಗೆದ್ದರೆ ಅದರಲ್ಲಿ ಪಾಲು ಪಡೆಯುತ್ತಾರೆ. ಕೆಲಸ ಬಿಟ್ಟ ಮೇಲೂ, ಅಕೌಂಟಿಗೆ ಸಂಬಂಧಿಸಿದ ನಷ್ಟಕ್ಕೆ ಕೇಸು ಹಾಕುವ ದಾರಿ ಇದೆ. ಎಷ್ಟೋ ಕೇಸುಗಳನ್ನು ಹಾಕಿದವರು ಮಾಜಿ ನೌಕರರೇ.

ಎಷ್ಟು ವರ್ಷದೊಳಗೆ ಹಾಕಬೇಕು?

ತಪ್ಪು ನಡೆದು ಆರು ವರ್ಷ, ಅಥವಾ ನಿಮಗೆ ನಿಜವಾಗಿ ಗೊತ್ತಾಗಿ ಮೂರು ವರ್ಷ, ಯಾವುದು ಮೊದಲೋ ಅದು. "ನಿಜವಾಗಿ ಗೊತ್ತಾಗಿ" ಅನ್ನುವುದರ ಮೇಲೆ 2020ರಲ್ಲಿ ಇಂಟೆಲ್‌ನ ಮಾಜಿ ನೌಕರರೊಬ್ಬರ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಎಲ್ಲ ಮಾಹಿತಿ ವೆಬ್‌ಸೈಟಿನಲ್ಲಿ ಹಾಕಿದ್ದೆವು ಅಂತ ಕಂಪನಿ ವಾದಿಸಿತು. ಕಳಿಸಿದ್ದನ್ನು ಓದಿಲ್ಲವೆಂದರೆ ಅವರಿಗೆ ಗೊತ್ತಿತ್ತು ಅನ್ನಲಾಗದು ಅಂತ ಕೋರ್ಟ್ ಒಮ್ಮತದಿಂದ ಹೇಳಿತು. ಇದನ್ನು ಕೇಳಿ ಓದದೆ ಇರುವುದೇ ಲೇಸು ಅಂದುಕೊಳ್ಳಬೇಡಿ. ಆರು ವರ್ಷದ ಗಡುವು ನೀವು ಓದಿದರೂ ಓದದಿದ್ದರೂ ಓಡುತ್ತಿರುತ್ತದೆ.

ನನ್ನ ಪ್ಲಾನ್ ಹೇಗಿದೆ ಅಂತ ನಾನೇ ನೋಡೋದು ಹೇಗೆ?

ವರ್ಷಕ್ಕೊಮ್ಮೆ ಎಲ್ಲ ಫಂಡುಗಳ ಫೀ ಒಂದೇ ಪಟ್ಟಿಯಲ್ಲಿ ಬರುತ್ತದೆ. ಅದನ್ನು ತೆಗೆಯಿರಿ. ನಿಮ್ಮ ಫಂಡಿನ ಹೆಸರಿನ ಕೊನೆಯಲ್ಲಿರುವ ವರ್ಗ ಯಾವುದು ನೋಡಿ, ಅದೇ ಫಂಡಿನ ಬೇರೆ ವರ್ಗಗಳ ಫೀ ನೋಡಿ. ಪ್ಲಾನಿನ ವಾರ್ಷಿಕ ವರದಿ ಫಾರ್ಮ್ 5500 ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ಪ್ಲಾನಿನ ಮೂಲ ದಾಖಲೆ ಬೇಕಿದ್ದರೆ ಅಡ್ಮಿನಿಸ್ಟ್ರೇಟರ್‌ಗೆ ಲಿಖಿತವಾಗಿ ಕೇಳಿ. 30 ದಿನದೊಳಗೆ ಕೊಡದಿದ್ದರೆ ದಿನಕ್ಕೆ 110 ಡಾಲರ್ ತನಕ ದಂಡ ಹಾಕುವ ಅಧಿಕಾರ ಕೋರ್ಟಿಗಿದೆ. ಬಾಯಲ್ಲಿ ಕೇಳಿದ್ದಕ್ಕೆ ಲೆಕ್ಕವಿಲ್ಲ.

ಇಲ್ಲಿ ನಮ್ಮ ಪಿಎಫ್‌ಗೂ ಇಂಥ ಕೇಸು ಹಾಕ್ತಾರಾ?

ಹೀಗೆ ಗುಂಪಾಗಿ, ಫೀ ಹಿಡಿದುಕೊಂಡು ಹಾಕುವ ಪದ್ಧತಿ ಇಲ್ಲಿಲ್ಲ. ಕೆಲವು ದೊಡ್ಡ ಸಂಸ್ಥೆಗಳು ವಿನಾಯಿತಿ ಪಡೆದು ಸ್ವಂತ ಪಿಎಫ್ ಟ್ರಸ್ಟ್ ನಡೆಸುತ್ತವೆ. ಅಲ್ಲಿ ಟ್ರಸ್ಟಿನ ಹೂಡಿಕೆ ಕೆಟ್ಟರೆ ಕೊರತೆಯನ್ನು ಮಾಲೀಕರೇ ತುಂಬಬೇಕು ಅನ್ನುವುದು ವಿನಾಯಿತಿಯ ಷರತ್ತು. ನೀವು ಅಂಥ ಕಡೆ ಕೆಲಸ ಮಾಡುತ್ತಿದ್ದರೆ ಟ್ರಸ್ಟಿಗಳು ಯಾರು ಅಂತ ಒಮ್ಮೆ ಕೇಳಿ ತಿಳಿದುಕೊಳ್ಳಿ.

ರಾಜಿಯಾಗಿದೆ ಅಂತ ನೋಟಿಸ್ ಬಂದಿದೆ. ಏನು ಮಾಡಬೇಕು? ಬೇಡ ಅನ್ನಬಹುದಾ?

ಮೊದಲು, ಅದು ನಿಜವಾದದ್ದೇ ಅಂತ ಖಚಿತ ಮಾಡಿಕೊಳ್ಳಿ. ನೋಟಿಸಿನಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರ್ ಇರುತ್ತದೆ. ನಿಮ್ಮಿಂದ ದುಡ್ಡು ಕೇಳಿದರೆ ಅದು ಮೋಸ, ಅಲ್ಲೇ ಬಿಡಿ.

ಹೆಚ್ಚಿನ 401ಕೆ ರಾಜಿಗಳಲ್ಲಿ ಹೊರಗುಳಿಯುವ ಅವಕಾಶ ಇರುವುದಿಲ್ಲ. ಪ್ಲಾನ್ ಒಂದೇ ಆದ್ದರಿಂದ ಎಲ್ಲರಿಗೂ ಒಂದೇ ತೀರ್ಮಾನ. ಒಪ್ಪಿಗೆಯಾಗದಿದ್ದರೆ ಗಡುವಿನೊಳಗೆ ಕೋರ್ಟಿಗೆ ಆಕ್ಷೇಪ ಬರೆಯಬಹುದು. ನ್ಯಾಯಾಧೀಶರು ವಿಚಾರಣೆ ನಡೆಸಿ, ರಾಜಿ ನ್ಯಾಯವಾಗಿದೆಯಾ ಅಂತ ನೋಡಿ ಒಪ್ಪುತ್ತಾರೆ. ವಕೀಲರ ಪಾಲು ಮೂರನೇ ಒಂದರಷ್ಟಿರುವುದು ಸಾಮಾನ್ಯ.

ಎಷ್ಟು ಬರಬಹುದು? ನಾನೀಗ ಬೆಂಗಳೂರಿನಲ್ಲಿದ್ದೇನೆ.

ಲಕ್ಷಗಟ್ಟಲೆ ಲೆಕ್ಕ ಹಾಕಬೇಡಿ. ಕೋಟಿ ಡಾಲರ್ ಅಂದರೂ ಅದು ಸಾವಿರಾರು ಜನಕ್ಕೆ, ಅವರವರ ಅಕೌಂಟಿನ ಗಾತ್ರಕ್ಕೆ ತಕ್ಕಂತೆ ಹಂಚಿಹೋಗುತ್ತದೆ. ನನಗೆ ಬಂದಿದ್ದು 340 ಡಾಲರ್ ಚಿಲ್ಲರೆ.

ಈಗಲೂ ಆ ಪ್ಲಾನಿನಲ್ಲಿ ಅಕೌಂಟ್ ಇದ್ದರೆ ಹಣ ತಾನಾಗಿ ಅಲ್ಲಿಗೆ ಸೇರುತ್ತದೆ. ಅಕೌಂಟ್ ಮುಚ್ಚಿದ್ದರೆ ಒಂದೋ ಚೆಕ್ ಬರುತ್ತದೆ, ಇಲ್ಲವೇ ನಿವೃತ್ತಿಗೆ ಸ್ವಂತವಾಗಿ ಉಳಿಸುವ ಐಆರ್‌ಎ ಖಾತೆಗೆ ಹಾಕಿ ಅಂತ ಫಾರ್ಮ್ ತುಂಬಬೇಕು. ಚೆಕ್ ತೆಗೆದುಕೊಂಡರೆ ತೆರಿಗೆ ಹಿಡಿಯುತ್ತಾರೆ. ಐಆರ್‌ಎಗೆ ನೇರವಾಗಿ ಹೋದರೆ ಆಗ ಹಿಡಿಯುವುದಿಲ್ಲ. ಕೆಲವು ರಾಜಿಗಳಲ್ಲಿ ಮಾಜಿ ನೌಕರರು ಫಾರ್ಮ್ ಕಳಿಸದಿದ್ದರೆ ಏನೂ ಬರುವುದಿಲ್ಲ, ಅದನ್ನು ನೋಟಿಸಿನಲ್ಲಿ ಹುಡುಕಿ ಓದಿ.

ವಾಪಸ್ ಬಂದವರು ಎಡವುವುದು ವಿಳಾಸದಲ್ಲಿ. ಹಳೇ ಅಪಾರ್ಟ್‌ಮೆಂಟಿಗೆ ಲಕೋಟೆ ಹೋಗುತ್ತದೆ, ಅಲ್ಲಿರುವವರು ಎಸೆಯುತ್ತಾರೆ. ನನ್ನ ಮನೆಯಲ್ಲಿ ಗೆಳೆಯ ಇದ್ದ, ಅದೃಷ್ಟ. ಕಂಪನಿ ಬಿಟ್ಟರೂ ಪ್ಲಾನಿನ ವೆಬ್‌ಸೈಟಿನಲ್ಲಿ ಇಲ್ಲಿನ ವಿಳಾಸ, ನಿಮ್ಮ ಸ್ವಂತ ಇಮೇಲ್ ಹಾಕಿಡಿ. ಆಫೀಸಿನ ಇಮೇಲ್ ಕೊಟ್ಟಿದ್ದರೆ ಅದು ಕೆಲಸ ಬಿಟ್ಟ ದಿನವೇ ಸತ್ತಿರುತ್ತದೆ. ಚೆಕ್ ಬಂದರೆ ಅದರ ಮೇಲೆ ಯಾವ ತಾರೀಖಿನ ತನಕ ನಡೆಯುತ್ತದೆ ಅಂತ ಬರೆದಿರುತ್ತದೆ, ಅದು ಕೆಲವೇ ತಿಂಗಳು. ಇಲ್ಲಿನ ಬ್ಯಾಂಕಿನಲ್ಲಿ ಡಾಲರ್ ಚೆಕ್ ಕಟ್ಟುವುದು ಸುಲಭವಲ್ಲ. ನಾನು ಅಲ್ಲಿನ ಒಂದು ಬ್ಯಾಂಕ್ ಖಾತೆಯನ್ನು ಮುಚ್ಚದೆ ಇಟ್ಟುಕೊಂಡಿದ್ದೆ. ಗೆಳೆಯ ಚೆಕ್ಕನ್ನು ಕೊರಿಯರ್ ಮಾಡಿದ, ನಾನು ಸರಸ್ವತಿಪುರಂನ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಅದರ ಎರಡೂ ಬದಿಯ ಫೋಟೊ ತೆಗೆದು ಜಮಾ ಮಾಡಿದೆ. ಗಡುವಿಗೆ ಒಂಬತ್ತು ದಿನ ಉಳಿದಿತ್ತು.